ಒಂದೇ ಗೋಡೆಗೆ ಎರಡು ಬಣ್ಣ

ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು ಅಂತ ನನ್ನ ಹೆಂಡತಿ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿ, ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆಯುವವರನ್ನು ಹಿಡಿದು ಹಿಡಿದು ಬಂದ ಗುಣ ಅದು. ದಾರಿಯಲ್ಲಿ ಯಾರಾದರೂ ನಗುನಗುತ್ತಾ ನಮಸ್ಕಾರ ಹೇಳಿದರೆ, ಇವನಿಗೆ ನನ್ನಿಂದ ಏನು ಕೆಲಸ ಆಗಬೇಕಾಗಿದೆ ಎಂದೇ ಮೊದಲು ಯೋಚಿಸುತ್ತೇನೆ. ಹತ್ತರಲ್ಲಿ ಎಂಟು ಸಲ ನನ್ನ ಲೆಕ್ಕ ಸರಿಯಾಗಿಯೇ ಇರುತ್ತದೆ. ಉಳಿದ ಎರಡರಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮದು ಅಪ್ಪ ಕಟ್ಟಿಸಿದ ಮನೆ. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಅಣ್ಣನೂ ನಾನೂ ಒಳಗೆ ನಡುಮಧ್ಯೆ ಗೋಡೆ ಎಬ್ಬಿಸಿ ಪಾಲು ಮಾಡಿಕೊಂಡೆವು. ಹಳೆಯ ತಲೆಬಾಗಿಲು ಅಣ್ಣನ ಕಡೆಗೆ ಹೋಯಿತು. ನಾವು ನಮ್ಮ ಕಡೆಯ ಕಿಟಕಿಯೊಂದನ್ನು ಒಡೆದು ಬಾಗಿಲು ಮಾಡಿಕೊಂಡೆವು. ಜಗಳವೇನೂ ಆಗಲಿಲ್ಲ. ಅಡುಗೆ ಬೇರೆ, ಕರೆಂಟ್ ಮೀಟರ್ ಬೇರೆ, ನಲ್ಲಿ ಬೇರೆ. ಬೀದಿಗೆ ಕಾಣುವ ಮುಂಗೋಡೆ ಮಾತ್ರ ಒಂದೇ ಉಳಿಯಿತು, ಅದರ ಬಣ್ಣವೂ ಒಂದೇ.

ಈ ಬಣ್ಣದ ವಿಷಯವನ್ನು ಬೇರೆ ಊರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಓಣಿಗಳಲ್ಲಿ ಅಣ್ಣತಮ್ಮಂದಿರು ಪಾಲಾದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಒಂದೇ ಮುಂಗೋಡೆಯ ಅರ್ಧಕ್ಕೆ ಹಳದಿ, ಅರ್ಧಕ್ಕೆ ನೀಲಿ ಬಿತ್ತೋ, ಮುಗಿಯಿತು. ಈ ಮನೆಯವರಿಗೂ ಆ ಮನೆಯವರಿಗೂ ಮಾತಿಲ್ಲ ಎಂದೇ ಅರ್ಥ. ಹೊಸದಾಗಿ ಬಂದ ನೆಂಟರು ಆ ಗೆರೆ ನೋಡಿಯೇ, ಯಾರ ಮುಂದೆ ಯಾರ ಸುದ್ದಿ ಎತ್ತಬಾರದು ಎಂದು ತಿಳಿದುಕೊಳ್ಳುತ್ತಾರೆ. ನಮ್ಮ ಓಣಿಯಲ್ಲೇ ಅಂಥ ನಾಲ್ಕು ಮನೆಗಳಿವೆ. ಒಂದರಲ್ಲಿ ಬಾಗಿಲ ಮೇಲಿನ ಗಣಪತಿಯ ಗೂಡಿನ ನಡುವೆಯೇ ಗೆರೆ ಹಾದುಹೋಗಿ, ದೇವರಿಗೆ ಒಂದು ಕಿವಿ ಗುಲಾಬಿ, ಒಂದು ಕಿವಿ ಬೂದಿ ಬಣ್ಣ ಆಗಿದೆ.

ನಮ್ಮ ಗೋಡೆಗೆ ಅಪ್ಪ ಹಾಕಿಸಿದ ಬಣ್ಣವನ್ನೇ ಮತ್ತೆ ಮತ್ತೆ ಹಾಕಿಸುತ್ತಿದ್ದೆವು. ಅದು ಕೆನೆಯೂ ಅಲ್ಲ, ಕೆಂಪೂ ಅಲ್ಲ. ಬೆಲ್ಲ ಹಾಕಿದ ಹಾಲಿನ ಹಾಗೆ ಇರುತ್ತಿತ್ತು. ಬಾಗಿಲು ಕಿಟಕಿಗಳ ಚೌಕಟ್ಟಿಗೆ ಕಂದುಗೆಂಪು. ಬಳ್ಳಾರಿಯ ಧೂಳು ಎಷ್ಟು ಕೂತರೂ ಅದರ ಮೇಲೆ ಕಾಣುತ್ತಿರಲಿಲ್ಲ. ಕುರುಗೋಡಿನ ಪೇಂಟರ್ ಒಬ್ಬರು ಬಿಳಿ ಬಣ್ಣಕ್ಕೆ ಹನಿ ಹನಿಯಾಗಿ ಬೇರೆ ಬಣ್ಣ ಬಿಟ್ಟು, ಕೋಲಿನಿಂದ ಕಲಸಿ, ಕಣ್ಣಳತೆಯಲ್ಲೇ ಅದನ್ನು ತಯಾರು ಮಾಡುತ್ತಿದ್ದರು. ಯಾವ ಕಂಪನಿಯ ಕಾರ್ಡಿನಲ್ಲೂ ಆ ಬಣ್ಣ ಇಲ್ಲ.

ಈಚೆಗೆ ನನ್ನ ಮಗಳಿಗೆ ಸಿರುಗುಪ್ಪದಿಂದ ಒಂದು ಸಂಬಂಧ ಬಂತು. ತಂದವಳು ಅತ್ತಿಗೆ. ಅವಳ ತವರೂರು ಅದೇ. ಅತ್ತಿಗೆ ತಂದಳು ಎಂದ ಕೂಡಲೇ ಹುಡುಗನಲ್ಲಿ ಏನೋ ಐಬು ಇರಲೇಬೇಕು ಎಂದುಕೊಂಡೆ. ಅವನು ಓದಿದ ಕಾಲೇಜು, ಅವರ ಗದ್ದೆ, ಅವನ ಗೆಳೆಯರು, ಎಲ್ಲ ಕಡೆ ವಿಚಾರಿಸಿದೆ. ಏನೂ ಸಿಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಮಗಳಂತೂ ಅವನ ಜೊತೆ ಫೋನಿನಲ್ಲಿ ಮಾತಾಡುತ್ತಾ ಮಾಳಿಗೆಯ ಮೇಲೆ ಅಡ್ಡಾಡಿ ಅಡ್ಡಾಡಿ ಚಪ್ಪಲಿ ಸವೆಸುತ್ತಿದ್ದಳು.

ಹುಡುಗನ ತಾತ ಹಳೆಯ ಕಾಲದ ಮನುಷ್ಯ. ಆಸ್ತಿ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಒಂದೇ ಮಾತು ಹೇಳಿ ಕಳಿಸಿದ್ದ: "ಅಣ್ಣತಮ್ಮ ಒಬ್ಬರ ಮಾರಿ ಒಬ್ಬರು ನೋಡದ ಮನ್ಯಾಗಿಂದ ನಾವು ಹೆಣ್ಣು ತರಂಗಿಲ್ಲ." ಅವನ ಸ್ವಂತ ತಮ್ಮನ ಜೊತೆ ಅವನಿಗೆ ಮಾತಿರಲಿಲ್ಲವಂತೆ. ತಮ್ಮ ತೀರಿಕೊಂಡ ಮೇಲೂ ಆ ಸಂಕಟ ಹೋಗಿಲ್ಲವಂತೆ. ನಿಶ್ಚಯಕ್ಕೆ ಆ ತಾತನೇ ನಮ್ಮ ಮನೆಗೆ ಬರುವವನಿದ್ದ.

ಅಂದಮೇಲೆ ಮುಂಗೋಡೆ ಒಂದೇ ಬಣ್ಣದಲ್ಲಿ ಇರಬೇಕಾಗಿತ್ತು. ಮಗಳ ಮದುವೆ ಆ ಗೋಡೆಯ ಮೇಲೆ ನಿಂತಿತ್ತು.

ನಿಶ್ಚಯಕ್ಕೆ ಮುಂಚೆ ಮಾಸಿದ ಮನೆಗೆ ಹೊಸ ಬಣ್ಣ ಆಗಬೇಕಿತ್ತು. ಮೊದಲು ಒಳಗಿನದು ಶುರುವಾಯಿತು. ನಾನು, ಹೆಂಡತಿ, ಮಗಳು ಮೂವರೂ ಬ್ರೂಸ್‌ಪೇಟೆಯ ಬಣ್ಣದ ಅಂಗಡಿಗೆ ಹೋದೆವು. ಅಂಗಡಿಯವನು ಕಾರ್ಡಿನ ಕಟ್ಟನ್ನು ಬೀಸಣಿಗೆಯಂತೆ ಬಿಚ್ಚಿ ಹಿಡಿದ. ಮಗಳು ಪಡಸಾಲೆಗೆ ಒಂದು ಗೋಡೆ ಮಾತ್ರ ನವಿಲಿನ ನೀಲಿ, ಮಿಕ್ಕ ಮೂರು ಬಿಳಿ ಎಂದಳು. ಮೂರು ಗೋಡೆಗೆ ಬಣ್ಣ ಸಾಲಲಿಲ್ಲ ಅಂತ ಜನ ತಿಳಿಯುತ್ತಾರೆ ಎಂದೆ. ಹೆಂಡತಿ ಅಡುಗೆಮನೆಗೆ ಎಣ್ಣೆ ಜಿಡ್ಡು ಒರೆಸಿದರೆ ಹೋಗುವಂಥ ಯಾವುದಾದರೂ ಆದೀತು ಎಂದಳು. ಅಂಗಡಿಯವನು, "ಸರ, ಕಾರ್ಡಿನ್ಯಾಗ ತಿಳಿ ಕಾಣ್ತೈತಿ, ಗ್ವಾಡಿ ಮ್ಯಾಲೆ ದಟ್ಟ ಆಗ್ತೈತಿ. ಸಣ್ಣ ಡಬ್ಬಿ ಒಯ್ದು ಒಂದು ಮೊಳ ಹಚ್ಚಿ ನೋಡ್ರಿ, ಆಮ್ಯಾಲೆ ದೊಡ್ಡದು ಒಯ್ಯಿರಿ" ಎಂದ. ಸಣ್ಣ ಡಬ್ಬಿಗಳು ಮಾರಾಟವಾಗದೆ ಉಳಿದಿರಬೇಕು, ಅದಕ್ಕೇ ಇಷ್ಟು ಕಾಳಜಿ ಎಂದು ನನಗೆ ಅನಿಸಿತು. ಬೇಡ ಎಂದೆ.

ಒಳಗಿನದು ಹೇಗೋ ತೀರ್ಮಾನವಾಯಿತು. ಮುಂಗೋಡೆಯ ಮಾತು ಅಣ್ಣನ ಜೊತೆ ಆಡಬೇಕಿತ್ತು. ಅಣ್ಣನಿಗೆ ಬೀಜ ಗೊಬ್ಬರದ ಅಂಗಡಿ. ಮಾತು ಕಮ್ಮಿ. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದಾಗ ಹೋಗಿ ಕೇಳಿದೆ.

"ಅಣ್ಣ, ಸಿರುಗುಪ್ಪದವರು ಬರೋದ್ರಾಗ ಮುಂದಿನ ಗ್ವಾಡಿಗೆ ಏನು ಮಾಡೋಣು?"

"ನೋಡೋಣು ತಗೋ. ಇನ್ನೂ ದಿನ ಅದಾವಲ್ಲ," ಎಂದು ಪೇಪರಿನ ಹಾಳೆ ತಿರುವಿದ.

ನೋಡೋಣು ಎಂದರೆ ಏನು? ಹೌದೂ ಅಲ್ಲ, ಇಲ್ಲವೂ ಅಲ್ಲ. ನಾಲ್ಕು ದಿನ ಅದನ್ನೇ ತಲೆಯಲ್ಲಿ ಹಾಕಿಕೊಂಡು ಓಡಾಡಿದೆ. ಐದನೆಯ ದಿನ ಕಟ್ಟೆಯ ಮೇಲೆ ಪೇಪರಿನ ಅಡಿಯಲ್ಲಿ ಒಂದು ಬಣ್ಣದ ಕಾರ್ಡು ಸಿಕ್ಕಿತು. ನಮ್ಮದಲ್ಲ. ಬಿಚ್ಚಿ ನೋಡಿದರೆ ಕೆನೆ ಬಣ್ಣಗಳ ಪುಟ ಪೂರ್ತಿ ಹರಿದಿತ್ತು. ನೀಲಿ, ಹಸಿರು, ಹಳದಿ ಎಲ್ಲ ನೆಟ್ಟಗಿದ್ದವು. ಕೆನೆಯೇ ಇಲ್ಲ. ಕೂತಲ್ಲೇ ಲೆಕ್ಕ ಹಾಕಿದೆ. ಕೆನೆ ಬೇಡ ಎಂದು ಹರಿದು ಬಿಸಾಕಿದ್ದಾನೆ, ಉಳಿದವುಗಳಲ್ಲಿ ಒಂದನ್ನು ಆರಿಸುತ್ತಿದ್ದಾನೆ, ನನಗೆ ಹೇಳದೆ ತನ್ನ ಅರ್ಧಕ್ಕೆ ಹೊಸ ಬಣ್ಣ ಹೊಡೆಸುತ್ತಾನೆ. ಕಾರ್ಡನ್ನು ಇದ್ದ ಹಾಗೇ ಪೇಪರಿನ ಕೆಳಗಿಟ್ಟು ಎದ್ದು ಬಂದೆ.

ಹೆಂಡತಿಗೆ ಹೇಳಿದರೆ, "ಬಾಯಿಬಿಟ್ಟು ಕೇಳಬಾರದೇನ್ರಿ? ಇರೋದು ನಡುವ ಒಂದು ಗ್ವಾಡಿ," ಎಂದಳು. ಕೇಳಿದರೆ ಎಚ್ಚರ ಆಗಿಬಿಡುತ್ತಾನೆ ಎಂದೆ. ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಕುರುಗೋಡಿನ ಪೇಂಟರನ್ನು ನಾನೇ ಮೊದಲು ಹಿಡಿದುಬಿಟ್ಟರೆ ಇಡೀ ಗೋಡೆ ನನ್ನ ಕೈಯಲ್ಲಿ ಇರುತ್ತದೆ ಎಂದು ಮರುದಿನವೇ ಬಸ್ಸು ಹತ್ತಿದೆ. ಅವರಿಗೆ ಈಗ ವಯಸ್ಸಾಗಿದೆ. ಏಣಿ ಹತ್ತುವುದನ್ನು ಬಿಟ್ಟು, ಕೆಲಸದವರನ್ನು ಇಟ್ಟುಕೊಂಡು ಬಣ್ಣ ಮಾತ್ರ ತಾವೇ ಕಲಸುತ್ತಾರೆ. ಬೆಟ್ಟದ ಮಗ್ಗುಲಲ್ಲಿ ಅವರ ಮನೆ. ನನ್ನನ್ನು ನೋಡಿ ಅವರ ಮುಖದಲ್ಲಿ ಒಂಥರಾ ಗಲಿಬಿಲಿ ಕಂಡಿತು. ಅದನ್ನು ನಾನು ಬಿಡುತ್ತೇನೆಯೇ?

"ಬರ್ರಿ ಮೇಷ್ಟ್ರ, ಕುಂದರ್ರಿ. ಹೋದ ವಾರ ನಿಮ್ಮ ಅಣ್ಣಾರು ಬಂದಿದ್ರು," ಎಂದು ನಾಲಿಗೆ ಕಚ್ಚಿಕೊಂಡರು.

"ಯಾಕ ಬಂದಿದ್ದ?"

"ಹೇಳಬ್ಯಾಡ ಅಂದಾರ್ರಿ. ನೀವ ಅವ್ರನ್ನ ಕೇಳ್ರಿ."

"ಮತ್ತ ನಮ್ಮ ಭಾಗಕ್ಕ ಬಣ್ಣ ಹಚ್ಚಾಕ ಯಾವಾಗ ಬರ್ತೀರಿ?"

ಅವರು ಬಾಯಿತುಂಬ ನಕ್ಕುಬಿಟ್ಟರು. "ನಿಮ್ಮ ಭಾಗ ಯಾವುದ್ರಿ ಮೇಷ್ಟ್ರ? ಗ್ವಾಡಿ ಒಂದ ಐತಲ್ರಿ."

ಆ ನಗು ನನಗೆ ಚುಚ್ಚಿತು. ಇಬ್ಬರೂ ಸೇರಿ ನನ್ನನ್ನು ಆಡಿಕೊಂಡಿದ್ದಾರೆ ಎಂದೇ ತಿಳಿದೆ. ಚಹಾ ಕುಡಿಯದೆ ಎದ್ದೆ. ಬಸ್ಸಿನಲ್ಲಿ ಬರುವಾಗ ನನ್ನ ಲೆಕ್ಕ ಪಕ್ಕಾ ಆಯಿತು. ನಿಶ್ಚಯದ ದಿನ ಅಣ್ಣನ ಅರ್ಧ ಹೊಸದಾಗಿ ಹೊಳೆಯುತ್ತಿರುತ್ತದೆ. ನಮ್ಮ ಅರ್ಧ ಮಾಸಿಕೊಂಡು ನಿಂತಿರುತ್ತದೆ. ತಾತ ಗೆರೆ ನೋಡುತ್ತಾನೆ, ತಿರುಗಿ ಹೋಗುತ್ತಾನೆ. ಅದನ್ನು ತಪ್ಪಿಸಲು ಒಂದೇ ದಾರಿ. ಮೊದಲು ಬಣ್ಣ ಹಚ್ಚಿದವನದು ಮನೆಯ ಬಣ್ಣ. ಆಮೇಲೆ ಬೇರೆ ಹಚ್ಚಿದವನು ಮನೆ ಒಡೆದವನು. ನಾನು ಮೊದಲು ಹಚ್ಚಿಬಿಟ್ಟರೆ, ಅಣ್ಣ ಒಂದೋ ನನ್ನ ಬಣ್ಣವನ್ನೇ ಹಚ್ಚಬೇಕು, ಇಲ್ಲವೇ ಅಪವಾದ ಹೊರಬೇಕು. ಈ ಉತ್ತರ ಸಿಕ್ಕಾಗ ನನಗೆ ಬಹಳ ಖುಷಿಯಾಗಿತ್ತು. ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಅಣ್ಣ ಅತ್ತಿಗೆ ಇಬ್ಬರೂ ಎರಡು ದಿನದ ಮಟ್ಟಿಗೆ ಸಿರುಗುಪ್ಪಕ್ಕೆ, ಅವಳ ತವರಿನಲ್ಲಿ ಗೃಹಪ್ರವೇಶಕ್ಕೆಂದು ಹೊರಟರು. ಬೀಗರಾಗುವವರ ಊರಿಗೇ ಹೋಗುತ್ತಿದ್ದಾರಲ್ಲ, ಅಲ್ಲಿ ಏನು ಕಿವಿ ಊದುತ್ತಾರೋ ಎಂಬ ಇನ್ನೊಂದು ಹುಳ ತಲೆ ಹೊಕ್ಕಿತು. ಅವರ ಆಟೋ ಓಣಿಯ ತಿರುವು ದಾಟಿದ್ದೇ ನಾನು ಬ್ರೂಸ್‌ಪೇಟೆಗೆ ಓಡಿದೆ. ಕಾರ್ಡಿನಲ್ಲಿ ಪಿಸ್ತಾದಂಥ ಒಂದು ತಿಳಿ ಹಸಿರು ಇತ್ತು. ತಂಪಾಗಿ ಕಂಡಿತು. ಯಂತ್ರದಲ್ಲಿ ಕಲಸಿ ಡಬ್ಬಿಯ ಮುಚ್ಚಳಕ್ಕೆ ನಂಬರ್ ಅಂಟಿಸಿ ಕೊಟ್ಟರು. ಚೌಕಟ್ಟುಗಳಿಗೆ ಕಂಟೋನ್ಮೆಂಟಿನ ಹಳೆ ಬಂಗಲೆಗಳಲ್ಲಿ ಇರುವ ಹಾಗೆ ಬಿಳಿ ತಗೊಂಡೆ. ಅಲ್ಲೇ ಅಂಗಡಿಯ ಮುಂದೆ ಕೂಲಿಗೆ ಕಾಯುತ್ತಿದ್ದ ಇಬ್ಬರು ಪೇಂಟರ್‌ಗಳನ್ನು ಕರೆದುಕೊಂಡು ಬಂದೆ.

ಏಣಿ ಹಾಕಿ ನಿಂತವನು ನನ್ನನ್ನು ಕೇಳಿದ: "ಗೆರಿ ಎಲ್ಲಿಗೆ ಹೊಡಿಲ್ರಿ ಸರ?"

ನಾನು ಟೇಪು ತಂದೆ. ಗೋಡೆಯ ಉದ್ದ ಅಳೆದು, ಸರಿಯಾಗಿ ಅರ್ಧಕ್ಕೆ ಗುರುತು ಹಾಕಿ, ಮಾಳಿಗೆಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ. ದಾರ ಅಲುಗಾಡುವುದು ನಿಲ್ಲಲಿ ಎಂದು ಕಾಯುತ್ತಾ ನಿಂತಾಗ ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು ನೋಡಿದಳು. ಏನೂ ಕೇಳಲಿಲ್ಲ. ಯಾವ ವಿಷಯವನ್ನೂ ಕೇಳದೆ ಬಿಡುವವಳಲ್ಲ ಅವಳು. ಆದರೂ ಹೊಡಿ ಎಂದೆ.

ಕಾರ್ಡಿನ ಪಿಸ್ತಾ ಗೋಡೆಯ ಮೇಲೆ ಬಿದ್ದ ಮೇಲೆ ಪಿಸ್ತಾ ಆಗಿ ಉಳಿಯಲಿಲ್ಲ. ಒಣಗುತ್ತಾ ಒಣಗುತ್ತಾ ಬಾಳೆಕಾಯಿಯ ಸಿಪ್ಪೆಯಂತಾಯಿತು. ಸಂಜೆಯ ಹೊತ್ತಿಗೆ ಅದರ ಮೇಲೆ ಕೆಂಪು ಧೂಳು ಕೂತು ಇನ್ನೂ ಅಸಹ್ಯವಾಗಿ ಕಂಡಿತು. ಮಗಳು ಹೊರಗೆ ಬಂದು ನೋಡಿದವಳು, "ಅಪ್ಪ, ದೊಡ್ಡಪ್ಪಗ ಹೇಳಿದ್ದೇನು?" ಎಂದಳು. ನಾನು ಖಾಲಿ ಡಬ್ಬಿಗಳನ್ನು ಎತ್ತಿ ಮೂಲೆಗೆ ಇಡತೊಡಗಿದೆ. ಅವಳಿಗೆ ಗೊತ್ತಾಯಿತು. ಆ ಸಂಜೆ ಅವಳು ಫೋನ್ ಹಿಡಿದು ಮಾಳಿಗೆ ಹತ್ತಲಿಲ್ಲ.

ಮರುದಿನ ಮಧ್ಯಾಹ್ನ ಅಣ್ಣ ಅತ್ತಿಗೆ ಬಂದರು. ನಾನು ಕಿಟಕಿಯ ಸಂದಿನಿಂದ ನೋಡುತ್ತಿದ್ದೆ. ಆಟೋದಿಂದ ಇಳಿದ ಅಣ್ಣ ಚೀಲ ಕೈಯಲ್ಲೇ ಹಿಡಿದು ಬೀದಿಯ ನಡುವೆ ನಿಂತ. ಹಸಿರು ನೋಡಿದ. ಗೆರೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಅತ್ತಿಗೆ ಏನೋ ಹೇಳಲು ಬಾಯಿ ತೆರೆದಳು. ಅವನು ಬೇಡ ಎಂದು ಕೈಸನ್ನೆ ಮಾಡಿ ಒಳಗೆ ಹೋದ. ಬೈಯುತ್ತಾನೆ, ಕೂಗಾಡುತ್ತಾನೆ ಎಂದು ನಾನು ಉತ್ತರಗಳನ್ನೆಲ್ಲ ತಯಾರು ಮಾಡಿ ಇಟ್ಟುಕೊಂಡಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಸುಮ್ಮನಿರುವುದರ ಹಿಂದೆ ಏನು ಹಂಚಿಕೆ ಇದೆಯೋ ಎಂದು ಹೊಸ ಅನುಮಾನ ಶುರುವಾಯಿತು.

ಸಾಯಂಕಾಲ ಐದರ ಸುಮಾರಿಗೆ ಒಂದು ಗೂಡ್ಸ್ ಆಟೋ ಬಂದು ಮನೆಯ ಮುಂದೆ ನಿಂತಿತು. ಕುರುಗೋಡಿನ ಪೇಂಟರ್ ಇಳಿದರು. ಹಿಂದೆ ಬಟ್ಟೆಯಿಂದ ಬಾಯಿ ಕಟ್ಟಿದ ಬಕೆಟ್‌ಗಳು. ಅವರು ಗೋಡೆ ನೋಡಿ ಅಲ್ಲೇ ನಿಂತುಬಿಟ್ಟರು. ನಾನು ಹೊರಗೆ ಹೋದೆ.

"ಏನಿದು ಮೇಷ್ಟ್ರ?" ಎಂದರು.

"ನೀವು ಅಣ್ಣನ ಭಾಗಕ್ಕ ತಂದೀರಲ್ಲ, ಹಚ್ಚ್ರಿ," ಎಂದೆ ಬಿಗುವಾಗಿ.

ಅವರು ಒಂದು ಬಕೆಟ್ಟಿನ ಬಟ್ಟೆ ಬಿಚ್ಚಿದರು. ಒಳಗೆ ಅಪ್ಪನ ಬಣ್ಣ ಇತ್ತು. ಬೆಲ್ಲ ಹಾಕಿದ ಹಾಲು.

"ಇಡೀ ಗ್ವಾಡಿಗೆ ಕಲಸೀನಿ ಮೇಷ್ಟ್ರ. ಅಣ್ಣಾರು ಕೆನಿ ಬಣ್ಣದ ಹಾಳಿ ಹರಕೊಂಡು ಬಂದು, ಇದರಾಗ ಯಾವುದೂ ಅಪ್ಪನ ಬಣ್ಣಕ್ಕ ಕೂಡವಲ್ದು, ನೀವ ಕಲಸಿ ಕೊಡ್ರಿ ಅಂದ್ರು. ತಮ್ಮಗ ಹೇಳಬ್ಯಾಡ್ರಿ, ಮಗಳ ಮದವಿ ಚಿಂತ್ಯಾಗ ಅದಾನ, ಮುಂದಿನ ಗ್ವಾಡಿ ಖರ್ಚು ನನ್ನ ಕಡಿಂದ ಇರಲಿ ಅಂದ್ರು. ಇನ್ನೇನು ಮಾಡ್ಲಿ ನಾನು ಇದನ್ನ?"

ಕಾಲ ಕೆಳಗಿನ ನೆಲ ಕುಸಿಯಿತು ಎಂದು ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಅವತ್ತು ನಾನೇ ಕಟ್ಟೆ ಹಿಡಿದುಕೊಂಡು ಕೂತೆ. ಪೇಂಟರ್ ನನ್ನನ್ನು ಬಿಟ್ಟು ಅಣ್ಣನ ಬಾಗಿಲಿಗೆ ಹೋದರು. ಒಳಗೆ ಬಹಳ ಹೊತ್ತು ಮಾತಾಯಿತು. ಏನು ಎಂದು ಕೇಳಿಸಲಿಲ್ಲ. ಹೋಗಿ ಕ್ಷಮೆ ಕೇಳು ಎಂದು ಹೆಂಡತಿ ದೂಡಿದಳು. ಹೋಗಲಿಲ್ಲ. ನಿಶ್ಚಯಕ್ಕೆ ಮೂರೇ ದಿನ ಉಳಿದಿತ್ತು. ನನ್ನ ಹಸಿರಿನ ಮೇಲೆ ಹಳೆ ಬಣ್ಣ ಕೂರಬೇಕಾದರೆ ಮೊದಲು ಆ ಹಸಿರು ನಾಲ್ಕು ದಿನ ಪೂರ್ತಿ ಆರಬೇಕು, ಅದರ ಮೇಲೆ ಬಿಳಿ ಹೊಡೆಯಬೇಕು, ಒಣಗಬೇಕು, ಆಮೇಲೆ ಎರಡು ಸಲ ಹಚ್ಚಬೇಕು. ಅಷ್ಟಕ್ಕೆ ದಿನ ಸಾಲುವುದಿಲ್ಲ ಎಂದು ಪೇಂಟರ್ ಹೇಳಿ ಹೋಗಿದ್ದರು. ಅಣ್ಣ ತನ್ನ ಅರ್ಧಕ್ಕೆ ಅಪ್ಪನ ಬಣ್ಣ ಹಚ್ಚಿಸುತ್ತಾನೆ, ಹಚ್ಚಿಸುವುದೇ ನ್ಯಾಯ, ತಾತ ಬಂದು ಗೆರೆ ನೋಡುತ್ತಾನೆ, ಮಗಳ ಗತಿ ಮುಗಿಯಿತು ಎಂದು ಕೂತಿದ್ದೆ.

ಮರುದಿನ ಬೆಳಿಗ್ಗೆ ಅತ್ತಿಗೆ ಹಿತ್ತಲಿನಿಂದ ನನ್ನ ಹೆಂಡತಿಯನ್ನು ಕರೆದಳು. ಇವಳು ಹೋಗಿ, ಬಂದು, ಮೂಲೆಯಲ್ಲಿದ್ದ ಖಾಲಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದುಕೊಂಡು ಹೋದಳು. ಅದು ಅವರಿಗೆ ಯಾಕೆ ಎಂದೆ. "ಸುಮ್ನ ಕುಂದರ್ರಿ," ಎಂದಳು. ಮದುವೆಯಾದಾಗಿನಿಂದ ಅಷ್ಟು ಗಟ್ಟಿಯಾಗಿ ಅವಳು ನನಗೆ ಹೇಳಿದ್ದು ಅದೇ ಮೊದಲು.

ಹನ್ನೊಂದರ ಹೊತ್ತಿಗೆ ಅಣ್ಣನ ಕಡೆ ಏಣಿ ನಿಂತಿತು. ಕುರುಗೋಡಿನವರ ಕೆಲಸದವನು ಮೇಲೆ ಹತ್ತಿ ಮೊದಲ ರೋಲರ್ ಎಳೆದ. ಹಸಿರು! ಅದೇ ನನ್ನ ಬಾಳೆಕಾಯಿಯ ಹಸಿರು. ಅಣ್ಣ ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತು, "ಗೆರಿ ಹತ್ರ ಎರಡು ಸಲ ಎಳಿ, ಗೊತ್ತಾಗಬಾರದು," ಎಂದು ಹೇಳುತ್ತಿದ್ದ. ಅಪ್ಪನ ಕಂದುಗೆಂಪು ಚೌಕಟ್ಟುಗಳನ್ನು ಉಜ್ಜಿ ಬಿಳಿ ಬಳಿಸಿದ. ತಲೆಬಾಗಿಲಿನದನ್ನು ಉಜ್ಜುವಾಗ ಮಾತ್ರ ಒಳಗೆ ಹೋಗಿಬಿಟ್ಟ. ನನಗೆ ಅಳು ಬಂತು. ಯಾರಿಗೂ ಕಾಣದ ಹಾಗೆ ಬಚ್ಚಲಿಗೆ ಹೋಗಿ ಅತ್ತೆ.

ಆದರೂ ನನ್ನ ಗುಣ ಹೋಗುತ್ತದೆಯೇ? ಇದು ನನ್ನನ್ನು ಸಣ್ಣವನನ್ನಾಗಿ ಮಾಡುವ ಉಪಾಯ ಇರಬಹುದು, ನಿಶ್ಚಯದ ದಿನ ಎಲ್ಲರ ಎದುರು ಕಥೆ ಹೇಳಿ ನನ್ನ ಮಾನ ಕಳೆಯಬಹುದು ಎಂದು ನಿಶ್ಚಯದವರೆಗೂ ಒಳಗೊಳಗೇ ಹೆದರಿಕೊಂಡೇ ಇದ್ದೆ.

ಸಿರುಗುಪ್ಪದವರು ಬಂದರು. ತಾತ ಕೋಲೂರಿಕೊಂಡು ಇಳಿದವನೇ ಒಳಗೆ ಬರದೆ ಬೀದಿಯಲ್ಲೇ ನಿಂತು ಮುಂಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಬಣ್ಣ ಯಾರು ಆರಿಸಿದ್ರಿ?" ಎಂದ.

"ನನ್ನ ತಮ್ಮ ಆರಿಸಿದ್ದು ರೀ," ಎಂದ ಅಣ್ಣ. ಆ ಮಾತಿನಲ್ಲಿ ಕೊಂಕು ಎಲ್ಲಿದೆ ಎಂದು ಹುಡುಕಿದೆ. ಅವನ ಮುಖದಲ್ಲಿ ಹುಡುಕಿದೆ, ಅತ್ತಿಗೆಯ ಮುಖದಲ್ಲಿ ಹುಡುಕಿದೆ. ಸಿಗಲಿಲ್ಲ.

"ಬಣ್ಣ ಅಷ್ಟೇನೂ ಚೊಲೊ ಇಲ್ಲ ಬಿಡ್ರಿ," ಎಂದು ತಾತ ನಕ್ಕ. "ಆದ್ರ ಇಬ್ಬರೂ ಕೂಡಿ ಹಚ್ಚೀರಿ. ಅದು ಚೊಲೊ ಆತು." ಅಣ್ಣನೂ ನಕ್ಕ. ಹಾಗೆ ನಗುತ್ತಲೇ ಎಲ್ಲರೂ ಒಳಗೆ ಹೋದರು. ತಾಂಬೂಲ ಬದಲಾಯಿತು. ಮಗಳ ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಅತ್ತಿಗೆ ಅವಳ ತಲೆಗೆ ಹೂವು ಮುಡಿಸುತ್ತಿದ್ದಳು.

ಬೀಗರು ಹೊರಟ ಮೇಲೆ ಅಣ್ಣ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಹೋಗಿ ಪಕ್ಕದಲ್ಲಿ ಕೂತೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಅದರ ಬದಲು ಬಾಯಿಗೆ ಬಂದದ್ದು ಮತ್ತೆ ನನ್ನ ಹಳೆಯ ವಿಚಾರಣೆಯೇ.

"ಅಣ್ಣ, ಈ ಹಸಿರು ನಿನಗ ಸೇರಂಗಿಲ್ಲ ಅಂತ ನನಗ ಗೊತ್ತೈತಿ. ಮತ್ತ ಯಾಕ ಹಚ್ಚಿಸಿದಿ?"

ಅಣ್ಣ ನನ್ನ ಕಡೆ ನೋಡಲಿಲ್ಲ. ಧೋತ್ರದ ಮೇಲೆ ಬಿದ್ದಿದ್ದ ಅಕ್ಷತೆಯ ಕಾಳುಗಳನ್ನು ಒಂದೊಂದಾಗಿ ಕೊಡವಿದ.

"ನಿನಗ ನನ್ನ ಮ್ಯಾಲೆ ನಂಬಿಕಿ ಇಲ್ಲ ಅಂತ ನನಗ ಗೊತ್ತಾತು, ಸಾಕು ಬಿಡಲೇ. ಊರಿಗೆಲ್ಲ ಯಾಕ ಗೊತ್ತಾಗಬೇಕು?"